ಒಂದರಿಂದ ಆರಕ್ಕೆ ಏರಿ, ಮತ್ತೆ ಒಂದಕ್ಕೆ

12345654321. ಎಡದಿಂದ ಓದಿದರೂ ಬಲದಿಂದ ಓದಿದರೂ ಅದೇ ಸಂಖ್ಯೆ. ಬಾಯಲ್ಲಿ ಹೇಳಬೇಕೆಂದರೆ ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ಐವತ್ತಾರು ಲಕ್ಷ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಹೆಚ್ಚು ಕಡಿಮೆ 850ರ ಹೊತ್ತಿಗೆ ‘ಗಣಿತಸಾರಸಂಗ್ರಹ’ ಬರೆದ ಮಹಾವೀರಾಚಾರ್ಯರಿಗೆ ಇಷ್ಟು ಉದ್ದದ ಮಾತು ಬೇಕಾಗಲಿಲ್ಲ. ಒಂದರಿಂದ ತೊಡಗಿ ಆರರವರೆಗೆ ಹೋಗಿ, ಅಲ್ಲಿಂದ ಕ್ರಮವಾಗಿ ಇಳಿಯುತ್ತ ಬರುವ ಅಂಕೆಗಳು ಎಂಬರ್ಥದ ಒಂದು ಸಂಸ್ಕೃತ ಪದಗುಚ್ಛದಲ್ಲಿ ಅವರು ಇಡೀ ಸಂಖ್ಯೆಯನ್ನು ಹೇಳಿ ಮುಗಿಸಿದರು. ಕೇಳಿದ ವಿದ್ಯಾರ್ಥಿ ತಪ್ಪಿಲ್ಲದೆ ಬರೆದುಕೊಳ್ಳಬಲ್ಲವನಾಗಿದ್ದ. ಅಂಕೆಗೆ ಬೆಲೆ ಬರುವುದು ಅದು ಕೂತ ಜಾಗದಿಂದ ಎಂಬ ಪದ್ಧತಿ ಮೈಗೂಡಿದ ನಾಡಿನಲ್ಲಿ ಮಾತ್ರ ಒಂದು ಸಂಖ್ಯೆಯನ್ನು ಹೀಗೆ ಅದರ ಆಕಾರದಿಂದ ಕರೆಯಲು ಸಾಧ್ಯ. ರೋಮನ್ ಅಂಕಿಗಳಲ್ಲಿ ಲೆಕ್ಕ ಬರೆಯುತ್ತಿದ್ದವರಿಗೆ ಈ ಮಾತು ಅರ್ಥವೇ ಆಗುತ್ತಿರಲಿಲ್ಲ.

ಈ ಒಂದು ಸಂಖ್ಯೆಯನ್ನು ಹಿಡಿದುಕೊಂಡು ಎಷ್ಟು ದೂರ ಹೋಗಬಹುದು ಎಂದು ನೋಡುವುದು ಇಲ್ಲಿನ ಉದ್ದೇಶ. ಜೊತೆಗೆ ಒಂದು ಪ್ರಶ್ನೆಯೂ ಇದೆ. ಕಣ್ಣಿಗೆ ಕಾಣುವ ಈ ಏರಿಳಿತ ಸಂಖ್ಯೆಗೆ ಸೇರಿದ್ದೋ, ಅಥವಾ ಹತ್ತು ಬೆರಳಿನ ನಾವು ಹತ್ತರ ಲೆಕ್ಕದಲ್ಲಿ ಬರೆಯುವುದರಿಂದ ಹುಟ್ಟಿದ್ದೋ? ಸಂಖ್ಯೆಗಳ ಸೊಬಗನ್ನು ಪ್ರೀತಿಸುವವರು ಈ ಪ್ರಶ್ನೆಯನ್ನು ದಾಟಿ ಹೋಗಬಾರದು ಎಂದು ನನಗೆ ಬಲವಾಗಿ ಅನಿಸುತ್ತದೆ.

ಮೊದಲು ಗ್ರಂಥದ ವಿಚಾರ. ಮಹಾವೀರಾಚಾರ್ಯರು ಜೈನರು. ಅವರು ಗ್ರಂಥದ ಆರಂಭದಲ್ಲಿ ಹೊಗಳುವ ದೊರೆ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ. ‘ಕವಿರಾಜಮಾರ್ಗ’ ಹುಟ್ಟಿದ್ದು ಇದೇ ದೊರೆಯ ಆಸ್ಥಾನದಲ್ಲಿ. ಅವನ ರಾಜಧಾನಿ ಮಾನ್ಯಖೇಟ ಎಂದರೆ ಇಂದಿನ ಕಲಬುರಗಿ ಜಿಲ್ಲೆಯ, ಕಾಗಿಣಾ ದಂಡೆಯ ಮಳಖೇಡ. ಕನ್ನಡದ ಮೊದಲ ಲಕ್ಷಣಗ್ರಂಥಕ್ಕೂ ಭಾರತದ ಬಹು ದೊಡ್ಡ ಗಣಿತಗ್ರಂಥಗಳಲ್ಲಿ ಒಂದಕ್ಕೂ ಒಬ್ಬನೇ ಅರಸನ ನೆರಳು ಸಿಕ್ಕಿತು ಎಂಬುದನ್ನು ನಮ್ಮ ಶಾಲೆಯ ಇತಿಹಾಸ ಪಾಠಗಳು ಇನ್ನೂ ಗಟ್ಟಿಯಾಗಿ ಹೇಳಬೇಕು. ಆರ್ಯಭಟ, ಬ್ರಹ್ಮಗುಪ್ತರಂಥ ಹಿಂದಿನವರು ಗಣಿತವನ್ನು ಖಗೋಳಶಾಸ್ತ್ರದ ಗ್ರಂಥಗಳ ಒಳಗೆ ಅಧ್ಯಾಯವಾಗಿ ಇಟ್ಟರೆ, ಮಹಾವೀರಾಚಾರ್ಯರು ಗಣಿತಕ್ಕೇ ಒಂದು ಇಡೀ ಗ್ರಂಥ ಕೊಟ್ಟರು. ಅದು ದಕ್ಷಿಣದಲ್ಲೆಲ್ಲ ಪಠ್ಯವಾಗಿ ಹರಡಿತು. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದ. ಕನ್ನಡದಲ್ಲಿ ವಲ್ಲಭನ ಟೀಕೆ ಹುಟ್ಟಿತು. 1912ರಲ್ಲಿ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಂದಿಗೆ ಅಚ್ಚು ಹಾಕಿಸಿದಾಗ ಅವರ ಆಧಾರಗಳಲ್ಲಿ ಕನ್ನಡ ಲಿಪಿಯ ಪ್ರತಿಗಳೂ ಇದ್ದವು. 2000ದಲ್ಲಿ ಪ್ರೊ. ಪದ್ಮಾವತಮ್ಮನವರ ಕನ್ನಡ ಅನುವಾದ ಹೊಂಬುಜದಿಂದ ಪ್ರಕಟವಾಯಿತು.

ದೊಡ್ಡ ಸಂಖ್ಯೆಗಳೆಂದರೆ ಈ ಆಚಾರ್ಯರಿಗೆ ಹಿಗ್ಗು. ಏಕ, ದಶ, ಶತ, ಸಹಸ್ರದಿಂದ ತೊಡಗಿ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರು ಕೊಡುತ್ತಾರೆ. ಮಹಾಕ್ಷೋಭ ಎಂದರೆ ಒಂದರ ಮುಂದೆ 23 ಸೊನ್ನೆ. ನಮ್ಮ ಹನ್ನೊಂದು ಅಂಕೆಯ ಸಂಖ್ಯೆ ಆ ಪಟ್ಟಿಯ ಅರ್ಧಕ್ಕೂ ಬರುವುದಿಲ್ಲ, ಅದರ ಮೊದಲ ಅಂಕೆ ಅರ್ಬುದದ ಸ್ಥಾನದಲ್ಲಿ ಕೂರುತ್ತದೆ. ಶ್ಲೋಕದಲ್ಲಿ ಸಂಖ್ಯೆ ಹೇಳುವಾಗ ಬಿಡಿ ಸ್ಥಾನದಿಂದ ಶುರು ಮಾಡಿ ಮೇಲಕ್ಕೆ ಹೋಗುವುದು ಅಂದಿನ ರೂಢಿ, ಬರೆಯುವಾಗ ಮಾತ್ರ ದೊಡ್ಡ ಸ್ಥಾನ ಎಡಕ್ಕೆ. ಹೇಳುವ ದಿಕ್ಕೊಂದು, ಓದುವ ದಿಕ್ಕೊಂದು. ಎರಡು ದಿಕ್ಕಿನಿಂದಲೂ ಒಂದೇ ಆಗಿ ಕಾಣುವ ಸಂಖ್ಯೆಗಳು ಇಂಥ ಕಡೆ ಕಣ್ಣಿಗೆ ಬೀಳದೆ ಇರುತ್ತವೆಯೇ? ಮಹಾವೀರಾಚಾರ್ಯರು ಅವುಗಳ ಬೆನ್ನು ಹತ್ತಿ, ಕತ್ತಿನ ಹಾರಕ್ಕೆ ಹೋಲಿಸಿ ಕಂಠಾಭರಣ ಎಂದರು. ಅವರು ಕಟ್ಟಿದ ಹಾರಗಳಲ್ಲಿ ಕೆಲವು ಇಲ್ಲಿವೆ:

139 × 109 = 15151
152207 × 73 = 11111111
14287143 × 7 = 100010001
142857143 × 7 = 1000000001
12345679 × 9 = 111111111
11011011 × 91 = 1002002001
333333666667 × 33 = 11000011000011
27994681 × 441 = 12345654321

ಪೆನ್ಸಿಲ್ ಹಿಡಿದು ಒಂದನ್ನಾದರೂ ಗುಣಿಸಿ ನೋಡಿ ಎಂದು ಓದುಗರನ್ನು ಕೇಳಿಕೊಳ್ಳುತ್ತೇನೆ. ಕ್ಯಾಲ್ಕುಲೇಟರ್ ಒತ್ತಿದರೆ ಉತ್ತರ ಒಮ್ಮೆಲೇ ಬಂದು ನಿಲ್ಲುತ್ತದೆ. ಕೈಯಲ್ಲಿ ಮಾಡಿದರೆ ಯಾವ ಚಂದವೂ ಇಲ್ಲದ ಅಂಕೆಗಳ ರಾಶಿಯೊಳಗಿಂದ ಹಾರ ಒಂದೊಂದೇ ಮಣಿಯಾಗಿ ಹೊರಬರುವುದು ಕಾಣುತ್ತದೆ. ಗುಣಾಕಾರ ಕಲಿಯುವ ಹುಡುಗರಿಗೆ ಲೆಕ್ಕ ಸರಿಯಾಯಿತೆಂದು ಗುರು ಹೇಳಬೇಕಾಗಿಲ್ಲ, ಉತ್ತರವೇ ಹೇಳುತ್ತದೆ. ಪಾಠ ಹೇಳುವವರ ಜಾಣತನ ಇದು.

ಕೊನೆಯ ಸಾಲಿಗೆ ಬರೋಣ. 27994681, 441 ಮತ್ತು 12345654321 ಮೂರೂ ಒಂದೇ ಲೆಕ್ಕದ ಮೂರು ತುದಿಗಳು. ಎರಡು ಗೊತ್ತಾದರೆ ಗುಣಿಸಿಯೋ ಭಾಗಿಸಿಯೋ ಮೂರನೆಯದು ಸಿಗುತ್ತದೆ. ಆದರೆ ಈ ಏರಿಳಿತದ ಮೂಲ ಅಲ್ಲಿಲ್ಲ, 111111 × 111111ರಲ್ಲಿದೆ.

ಆರು ಒಂದುಗಳನ್ನು ಆರು ಒಂದುಗಳಿಂದ ಶಾಲೆಯ ರೀತಿಯಲ್ಲೇ ಗುಣಿಸಿ. ಪ್ರತಿ ಸಾಲೂ 111111, ಪ್ರತಿ ಸಾಲೂ ಹಿಂದಿನದಕ್ಕಿಂತ ಒಂದು ಮನೆ ಎಡಕ್ಕೆ. ಆರು ಸಾಲು ಮೆಟ್ಟಿಲಾಗಿ ನಿಲ್ಲುತ್ತವೆ. ಈಗ ಕಂಬಸಾಲುಗಳನ್ನು ಕೂಡಿ. ಬಲತುದಿಯ ಕಂಬದಲ್ಲಿ ಒಂದೇ ಒಂದು. ಅದರ ಪಕ್ಕದಲ್ಲಿ ಎರಡು, ಮುಂದೆ ಮೂರು, ಹೀಗೆ ನಡುವಿನ ಕಂಬದಲ್ಲಿ ಆರು. ಅಲ್ಲಿಂದ ಆಚೆಗೆ ಬಲಗಡೆಯ ಸಾಲುಗಳು ಒಂದೊಂದಾಗಿ ಮುಗಿಯುತ್ತ ಬರುವುದರಿಂದ ಐದು, ನಾಲ್ಕು, ಮೂರು, ಎರಡು, ಒಂದು. ಯಾವ ಕಂಬದ ಮೊತ್ತವೂ ಹತ್ತು ಮುಟ್ಟುವುದಿಲ್ಲವಾದ್ದರಿಂದ ದಶಕ ತೆಗೆದುಕೊಳ್ಳುವ ಪ್ರಸಂಗವೇ ಇಲ್ಲ. ಎಣಿಕೆಯೇ ಅಂಕೆಯಾಗಿ ಕೆಳಗಿಳಿಯುತ್ತದೆ. ಕಂಬಗಳನ್ನೆಲ್ಲ ಸೇರಿಸಿದರೆ ಅಲ್ಲಿರುವ ಒಂದುಗಳು ಒಟ್ಟು ಮೂವತ್ತಾರು. ಅದಕ್ಕೇ ಈ ಸಂಖ್ಯೆಯ ಅಂಕೆಗಳ ಮೊತ್ತವೂ 36, ಆರರ ವರ್ಗ. ಇಲ್ಲೇ ಇನ್ನೊಂದು ಸಣ್ಣ ಸಂತೋಷ ಸಿಗುತ್ತದೆ: ಸಂಖ್ಯೆಯನ್ನು ಅದರ ಅಂಕೆಗಳ ಮೊತ್ತದಿಂದಲೇ ಗುಣಿಸಿದರೆ ಬರುವುದು 444443555556, ಅಂದರೆ 666666ರ ವರ್ಗ.

ಹಾಗಾದರೆ 441 ಎಲ್ಲಿಂದ ಬಂತು? 441 ಎಂದರೆ 21ರ ವರ್ಗ. 27994681 ಎಂದರೆ 5291ರ ವರ್ಗ. 21ನ್ನು 5291ರಿಂದ ಗುಣಿಸಿದರೆ 111111. ಅಂದರೆ ಆರು ಒಂದುಗಳನ್ನು ಎರಡು ತುಂಡು ಮಾಡಿ, ಎರಡನ್ನೂ ಬೇರೆ ಬೇರೆಯಾಗಿ ವರ್ಗ ಮಾಡಿ, ತುಂಡುಗಳ ಗುರುತೇ ಸಿಗದಂತೆ ಮುಂದಿಟ್ಟಿದ್ದಾರೆ. ಹುಡುಕುತ್ತ ಹೋದವರಿಗೆ ಅಕಸ್ಮಾತ್ ಸಿಕ್ಕಿದ ಜೋಡಿ ಇದು ಎಂದು ನನಗೆ ಅನ್ನಿಸುವುದಿಲ್ಲ. 111111ನ್ನು ಒಡೆದು ನೋಡಿದವರ ಕೈ ಇದರಲ್ಲಿ ಕಾಣುತ್ತದೆ.

ಪೂರ್ತಿ ಒಡೆದರೆ 111111 = 3 × 7 × 11 × 13 × 37. ಐದು ಅವಿಭಾಜ್ಯ ಸಂಖ್ಯೆಗಳು, ಎಲ್ಲವೂ ಪುಟ್ಟವು. 3 ಮತ್ತು 7 ಸೇರಿ 21 ಆದವು, ಉಳಿದ ಮೂರು ಸೇರಿ 5291. ವರ್ಗ ಮಾಡಿದಾಗ ಪ್ರತಿ ಅವಿಭಾಜ್ಯವೂ ಎರಡೆರಡು ಸಲ ಬರುತ್ತದೆ. ಹೀಗಾಗಿ 12345654321ರ ಭಾಜಕ ಒಂದನ್ನು ಕಟ್ಟಬೇಕಾದರೆ ಈ ಐದರಲ್ಲಿ ಪ್ರತಿಯೊಂದನ್ನೂ ಬಿಡಬಹುದು, ಒಂದು ಸಲ ತೆಗೆದುಕೊಳ್ಳಬಹುದು ಅಥವಾ ಎರಡು ಸಲ ತೆಗೆದುಕೊಳ್ಳಬಹುದು. ಐದು ಕಡೆ ಮೂರು ಮೂರು ಆಯ್ಕೆ ಎಂದರೆ 3 × 3 × 3 × 3 × 3, ಒಟ್ಟು 243 ಭಾಜಕಗಳು. 243 ಬೆಸ ಸಂಖ್ಯೆ. ಭಾಜಕಗಳು ಯಾವಾಗಲೂ ಜೋಡಿಯಾಗಿ ಬರುತ್ತವೆ, ಒಂದರಿಂದ ಭಾಗಿಸಿದರೆ ಇನ್ನೊಂದು ಸಿಗುತ್ತದೆ. ಸಂಖ್ಯೆ ವರ್ಗವಾಗಿದ್ದಾಗ ಮಾತ್ರ ಒಂದು ಭಾಜಕ ತನಗೆ ತಾನೇ ಜೋಡಿಯಾಗಿ ಒಂಟಿ ನಿಲ್ಲುತ್ತದೆ, ಇಲ್ಲಿ 111111. ಅದನ್ನು ಬಿಟ್ಟರೆ 121 ಜೋಡಿಗಳು. ಅವುಗಳಲ್ಲಿ ಒಂದೇ ಒಂದನ್ನು ಮಹಾವೀರಾಚಾರ್ಯರು ಆರಿಸಿಕೊಂಡರು.

ಆರಕ್ಕೇ ಯಾಕೆ ನಿಂತರು ಎಂಬುದಕ್ಕೂ ಇಲ್ಲೇ ಉತ್ತರ ಇರಬಹುದು. ಐದು ಒಂದುಗಳು ಒಡೆಯುವುದು 41 ಮತ್ತು 271 ಆಗಿ. ಏಳು ಒಂದುಗಳು 239 ಮತ್ತು 4649 ಆಗಿ. ಅವುಗಳ ವರ್ಗ ಮಾಡಿದರೆ ಗುಣಕವೇ ಪಾಠಶಾಲೆಗೆ ಭಾರವಾಗುತ್ತದೆ. ಆರು ಒಂದುಗಳಷ್ಟು ಸಲೀಸಾಗಿ, ಕಿರಿಯ ಅಂಕೆಗಳಲ್ಲಿ ಬಿಡಿಸಿಕೊಳ್ಳುವ ಸಂಖ್ಯೆ ಆಸುಪಾಸಿನಲ್ಲಿ ಇಲ್ಲ.

ಆ ಐದು ಅವಿಭಾಜ್ಯಗಳಿಗೆ ಇನ್ನೂ ಒಂದು ನಂಟಿದೆ. 1ನ್ನು 7ರಿಂದ ಭಾಗಿಸಿದರೆ 0.142857142857… ಎಂದು ಆರು ಅಂಕೆಗಳು ತಿರುಗಿ ತಿರುಗಿ ಬರುತ್ತವೆ. 13ರಿಂದ ಭಾಗಿಸಿದರೆ 0.076923076923…, ಅದೂ ಆರು. 37ರಿಂದ ಭಾಗಿಸಿದರೆ 0.027027…, ಮೂರು ಅಂಕೆ. 11ರಿಂದ 0.0909…, ಎರಡು. 3ರಿಂದ 0.333…, ಒಂದೇ. ಒಂದು, ಎರಡು, ಮೂರು, ಆರು ಎಲ್ಲವೂ ಆರನ್ನು ಭಾಗಿಸುವ ಸಂಖ್ಯೆಗಳು. ಇದು ಕಾಕತಾಳೀಯವಲ್ಲ. ಒಂದು ಭಿನ್ನರಾಶಿಯ ದಶಮಾಂಶ ಆರು ಅಂಕೆಗಳ ಸುತ್ತು ಹಾಕುತ್ತದೆ ಎಂದರೆ 999999 ಆ ಛೇದದಿಂದ ನಿಶ್ಶೇಷವಾಗಿ ಭಾಗವಾಗುತ್ತದೆ ಎಂದೇ ಅರ್ಥ, ಮತ್ತು 999999 ಎಂದರೆ 9 × 111111. ಆದ್ದರಿಂದ ದಶಮಾಂಶ ಸುತ್ತಿನ ಉದ್ದ 1, 2, 3 ಅಥವಾ 6 ಆಗಿರುವ ಅವಿಭಾಜ್ಯಗಳು ಯಾವುವೆಂದು ಯಾರಾದರೂ ಕೇಳಿದರೆ, ಇಡೀ ಪಟ್ಟಿ ಈ ಒಂದು ಸಂಖ್ಯೆಯೊಳಗೆ ಇದೆ: 3, 7, 11, 13, 37. ಆರನೆಯದು ಸಿಗುವುದಿಲ್ಲ, ಎಷ್ಟು ದೂರ ಹುಡುಕಿದರೂ. ಮಹಾವೀರಾಚಾರ್ಯರ ಹಾರಗಳಲ್ಲಿ 7 ಎರಡು ಸಲ ಗುಣಕವಾಗಿ ಬಂದಿರುವುದನ್ನೂ 142857143ರಲ್ಲಿ ಏಳನೆಯ ಒಂದು ಭಾಗದ ಅಂಕೆಗಳು ಇಣುಕುವುದನ್ನೂ ಈ ಬೆಳಕಿನಲ್ಲಿ ಮತ್ತೊಮ್ಮೆ ನೋಡಬೇಕು. 73 ಎಂಟು ಅಂಕೆಗಳ ಸುತ್ತಿನದು, ಅದಕ್ಕೇ ಅದು ಎಂಟು ಒಂದುಗಳ ಹಾರದಲ್ಲಿ ಸಿಕ್ಕಿತು.

ಈಗ ಆ ಪ್ರಶ್ನೆ. ಈ ಅಂದ ಯಾರದು?

ಸಂಖ್ಯೆಯನ್ನು ಕಂಪ್ಯೂಟರಿಗೆ ಕೊಟ್ಟರೆ ಅದು ಎರಡರ ಲೆಕ್ಕದಲ್ಲಿ, 0 ಮತ್ತು 1 ಮಾತ್ರ ಬಳಸಿ, 34 ಅಂಕೆಗಳಲ್ಲಿ ಇಟ್ಟುಕೊಳ್ಳುತ್ತದೆ. ಮೊದಲ ನಾಲ್ಕು ಅಂಕೆ 1011, ಕೊನೆಯ ನಾಲ್ಕು 0001. ಎಡದಿಂದ ಒಂದು, ಬಲದಿಂದ ಇನ್ನೊಂದು. ಹಾರ ಹರಿದುಹೋಯಿತು. ಆದರೆ ಅದು ಇನ್ನೂ ವರ್ಗಸಂಖ್ಯೆಯೇ, ಅದರ ಭಾಜಕಗಳು ಇನ್ನೂ 243, ಅವಿಭಾಜ್ಯಗಳು ಅವೇ ಐದು. ಇವು ಬರಹಕ್ಕೆ ಅಂಟಿದ ಗುಣಗಳಲ್ಲ. ಅಷ್ಟು ಬೆಣಚುಕಲ್ಲುಗಳನ್ನು ನೆಲದ ಮೇಲೆ ಹರಡಿದರೆ ಸಾಲಿಗೆ 111111ರಂತೆ ಚೌಕವಾಗಿ ಜೋಡಿಸಬಹುದು, ಅಂಕೆಯೆಂಬುದೇ ಗೊತ್ತಿಲ್ಲದವರೂ ಜೋಡಿಸಬಹುದು.

ಇಷ್ಟಕ್ಕೆ ನಿಲ್ಲಿಸಿ, ಒಳಗಿನದು ನಿಜ, ಹೊರಗಿನದು ಬರೀ ಬಣ್ಣ ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕಂಬಸಾಲುಗಳನ್ನು ಕೂಡಿದಾಗ ನಾವು ಹತ್ತು ಎಂಬುದನ್ನು ಬಳಸಿಕೊಂಡದ್ದು ಒಂದೇ ಕಡೆ, ಯಾವ ಮೊತ್ತವೂ ಹತ್ತು ಮುಟ್ಟಲಿಲ್ಲ ಎನ್ನುವಲ್ಲಿ. ಅಂದರೆ ಏಳರ ಲೆಕ್ಕದಲ್ಲಿ ಬರೆಯುವವರಿಗೂ, ಎಂಟರ, ಹನ್ನೆರಡರ, ಅರವತ್ತರ ಲೆಕ್ಕದಲ್ಲಿ ಬರೆಯುವವರಿಗೂ ಆರು ಒಂದುಗಳ ವರ್ಗ 12345654321 ಎಂದೇ ಕಾಣುತ್ತದೆ. ಏಳರ ಲೆಕ್ಕದ 111111 ಎಂದರೆ ನಮ್ಮ 19608. ಅದರ ವರ್ಗ ನಮ್ಮ 384473664. ಇದರಲ್ಲಿ ನಮ್ಮ ಕಣ್ಣಿಗೆ ಯಾವ ಏರಿಳಿತವೂ ಇಲ್ಲ. ಏಳರ ಲೆಕ್ಕದಲ್ಲಿ ಬರೆದರೆ ಅದೇ 12345654321 ಎದ್ದು ನಿಲ್ಲುತ್ತದೆ. ಸಂಖ್ಯೆ ಬೇರೆ, ಆಕಾರ ಒಂದೇ.

ಆಕಾರ ಒಂದೇ ಆದ್ದರಿಂದ ಒಡೆಯುವ ರೀತಿಯೂ ಒಂದೇ. 111111ನ್ನು ನಾವು 11 × 111 × 91 ಎಂದು ಬಿಡಿಸಬಹುದು. ಹತ್ತರ ಜಾಗದಲ್ಲಿ ‘ಕ’ ಎಂದು ಇಟ್ಟರೆ 11 ಎಂಬುದು ಕ + 1. 111 ಎಂಬುದು ಕ ವರ್ಗ + ಕ + 1. 91 ಎಂಬುದು ಕ ವರ್ಗ − ಕ + 1, ಯಾಕೆಂದರೆ 100 − 10 + 1 = 91. ಈ ಮೂರರ ಗುಣಲಬ್ಧ ಯಾವ ಕ ಇಟ್ಟರೂ ಆರು ಒಂದುಗಳೇ. ಏಳನ್ನು ಇಟ್ಟು ನೋಡಿ: 8 × 57 × 43 = 19608. ಸರಿಹೋಯಿತು. ಅವಿಭಾಜ್ಯಗಳು ಬೇರೆಯಾದವು, ಇಲ್ಲಿ 2, 3, 19, 43 ಬಂದವು. ಆದರೆ ಮೂರು ತುಂಡಾಗಿ ಒಡೆಯುವ ಗೆರೆ ಅದೇ ಜಾಗದಲ್ಲಿದೆ. 91 ಮಹಾವೀರಾಚಾರ್ಯರ ಪಟ್ಟಿಯಲ್ಲೂ ಇದೆ, 11011011ನ್ನು ಹಾರ ಮಾಡುವ ಗುಣಕವಾಗಿ. ಆದ್ದರಿಂದ ಬರಹದ ಆಕಾರವೆಂದು ತಳ್ಳಿಹಾಕಿದ್ದರಲ್ಲೇ ಎಣಿಕೆ ಇಲ್ಲದಷ್ಟು ಸಂಖ್ಯೆಗಳಿಗೆ ಒಟ್ಟಿಗೆ ಸಲ್ಲುವ ಒಂದು ಸತ್ಯ ಇದೆ. ಹತ್ತರ ಲೆಕ್ಕ ಅದನ್ನು ಹುಟ್ಟಿಸಲಿಲ್ಲ, ನಮಗೆ ಕಾಣಿಸಿತು.

ಒಂದುಗಳ ಎಣಿಕೆ 6 ಎಂಬುದು 2 × 3 ಆಗಿ ಒಡೆಯುವುದರಿಂದಲೇ 111111ರೊಳಗೆ 11 ಮತ್ತು 111 ಕೂತಿವೆ. ಒಂದುಗಳ ಎಣಿಕೆಯೇ ಅವಿಭಾಜ್ಯವಾದಾಗ ಮಾತ್ರ ಆ ಸಂಖ್ಯೆ ಅವಿಭಾಜ್ಯವಾಗುವ ಅವಕಾಶ ಉಂಟು, ಅದೂ ಅಪರೂಪ. 11 ಅವಿಭಾಜ್ಯ. ಆಮೇಲೆ 19 ಒಂದುಗಳವರೆಗೆ ಕಾಯಬೇಕು, ಅದರ ನಂತರ 23, ಅಲ್ಲಿಂದ ಒಂದೇ ಜಿಗಿತಕ್ಕೆ 317, ಮತ್ತೆ 1,031. 49,081 ಒಂದುಗಳ ಸಂಖ್ಯೆ ಅವಿಭಾಜ್ಯವೆಂದು ಖಚಿತವಾಗಿ ಸಾಧಿಸಿದ್ದು 2022ರಲ್ಲಿ. ಇಂಥವು ಮುಗಿಯದೆ ಸಿಗುತ್ತಲೇ ಇರುತ್ತವೆಯೇ ಎಂಬುದನ್ನು ಈವರೆಗೆ ಯಾರೂ ಸಾಧಿಸಿಲ್ಲ.

ಹಾರ ಎಲ್ಲಿಯವರೆಗೆ ಬೆಳೆಯಬಲ್ಲದು? ಒಂಬತ್ತು ಒಂದುಗಳ ವರ್ಗ 12345678987654321, ಇನ್ನೂ ಚಂದ. ಹತ್ತಕ್ಕೆ ಹೋದರೆ ನಡುವಿನ ಕಂಬದ ಮೊತ್ತ ಹತ್ತಾಗುತ್ತದೆ. ಸೊನ್ನೆ ಬರೆದು ದಶಕ ಒಂದು. ಪಕ್ಕದ ಒಂಬತ್ತು ಅದನ್ನು ತೆಗೆದುಕೊಂಡು ತಾನೂ ಹತ್ತಾಗುತ್ತದೆ, ಮತ್ತೆ ಸೊನ್ನೆ, ಮತ್ತೆ ದಶಕ ಒಂದು. ಅದರಾಚೆಯ ಎಂಟು ಒಂಬತ್ತಾಗಿ ಅಲ್ಲಿಗೆ ನಿಲ್ಲುತ್ತದೆ. ಉತ್ತರ 1234567900987654321. ಏರುವ ದಾರಿಯಲ್ಲಿ ಎಂಟು ಕಾಣೆಯಾಗಿದೆ.

ಈ ಕಾಣೆಯಾದ ಎಂಟನ್ನು ನಾವು ಆಗಲೇ ಒಮ್ಮೆ ನೋಡಿದ್ದೇವೆ. ಮಹಾವೀರಾಚಾರ್ಯರ 12345679 × 9 = 111111111 ಸಾಲಿನಲ್ಲಿಯೂ ಎಂಟಿಲ್ಲ. ಎರಡು ಕಡೆಯೂ ನಡೆದದ್ದು ಒಂದೇ ಸಂಗತಿ. 1ನ್ನು 9ರಿಂದ ಭಾಗಿಸಿದರೆ 0.1111… ಎಂದು ಕೊನೆಯಿಲ್ಲದ ಒಂದುಗಳು. ಅದರ ವರ್ಗ, ಅಂದರೆ 81ನೆಯ ಒಂದು ಭಾಗ, ಕಂಬಸಾಲಿನಲ್ಲಿ 1, 2, 3, 4… ಎಂದು ಇಳಿಯದೆ ಏರುತ್ತಲೇ ಹೋಗಬೇಕು. ಒಂಬತ್ತರ ನಂತರ 10, 11, 12 ಬಂದು ಎಡಕ್ಕೆ ದಶಕ ದಾಟಿಸುತ್ತವೆ. ಹತ್ತರ ದಶಕ ಒಂಬತ್ತಕ್ಕೆ ಸೇರಿ ಅದು ಹತ್ತಾಗುತ್ತದೆ, ಅದರ ದಶಕ ಎಂಟಕ್ಕೆ ಸೇರಿ ಅದು ಒಂಬತ್ತಾಗುತ್ತದೆ. ಹೀಗೆ ಬರುವ ದಶಮಾಂಶ 0.012345679012345679…, ಎಂಟಿಲ್ಲದ ಸುತ್ತು. ಅದರ ಒಂದು ಸುತ್ತನ್ನು ಕತ್ತರಿಸಿ ತೆಗೆದರೆ ಮಹಾವೀರಾಚಾರ್ಯರ ಸಂಖ್ಯೆ. ಒಂಬತ್ತರಿಂದ ಗುಣಿಸಿದರೆ ಒಂಬತ್ತು ಒಂದುಗಳು. 12345679ರ ಈ ಸಾಲನ್ನೂ 12345654321ರ ಸಾಲನ್ನೂ ಅವರು ಒಟ್ಟಿಗೆ ಪೋಣಿಸಿದ್ದು ಬರೀ ನೋಟದ ಚಂದಕ್ಕೆ ಎಂದು ಹಿಂದೆಲ್ಲ ಅಂದುಕೊಳ್ಳುತ್ತಿದ್ದವರು, ಒಳಗೆ ಓಡುವ ಈ ದಾರವನ್ನು ಹಿಡಿದು ನೋಡಬೇಕು.

ಸಾವಿರ ವರ್ಷ ದಾಟಿದ ಮೇಲೆ ಇವೇ ಸಂಖ್ಯೆಗಳು ಇನ್ನೊಬ್ಬ ಮೇಷ್ಟರ ಕೈಗೆ ಬಂದವು. ಮಹಾರಾಷ್ಟ್ರದ ನಾಸಿಕದ ಹತ್ತಿರದ ದೇವಳಾಲಿಯಲ್ಲಿ ಶಾಲಾ ಶಿಕ್ಷಕರಾಗಿದ್ದ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ ಅವರು 1905ರಲ್ಲಿ ಹುಟ್ಟಿದವರು. 6174 ಎಂಬ ಸಂಖ್ಯೆಗೆ ಅವರ ಹೆಸರು ಅಂಟಿಕೊಂಡಿದೆ. ಮುಂಬೈ ಸಮೀಪದ ಡೊಂಬಿವಲಿಗೆ ಆಗ ಡೆಮ್ಲೊ ಎಂಬ ಹೆಸರಿತ್ತು. ಜಿ.ಐ.ಪಿ. ರೈಲ್ವೆಯ ಆ ನಿಲ್ದಾಣದಲ್ಲಿ ಇಂಥ ಸಂಖ್ಯೆಗಳನ್ನು ಶೋಧಿಸುವ ಯೋಚನೆ ಹೊಳೆದದ್ದರಿಂದ ಕಾಪ್ರೇಕರ್ ಅವನ್ನು ಡೆಮ್ಲೊ ಸಂಖ್ಯೆಗಳೆಂದು ಕರೆದರು. 1, 121, 12321, 1234321 ಎಂಬ ಸಾಲಿಗೆ ‘ಅದ್ಭುತ’ ಎಂಬ ವಿಶೇಷಣವನ್ನೂ ಸೇರಿಸಿದರು. ಆ ಸಾಲಿನ ಆರನೆಯದು ನಮ್ಮದು. ಕಾಪ್ರೇಕರರನ್ನು ಬಹಳ ಕಾಲ ದೇಶದ ಗಣಿತಜ್ಞರು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. 1975ರಲ್ಲಿ ಮಾರ್ಟಿನ್ ಗಾರ್ಡ್ನರ್ ತಮ್ಮ ‘ಸೈಂಟಿಫಿಕ್ ಅಮೆರಿಕನ್’ ಅಂಕಣದಲ್ಲಿ ಬರೆದ ಮೇಲೆ ಜಗತ್ತಿಗೆ ಪರಿಚಯವಾದರು. ಅಂಕೆಗಳ ಜೋಡಣೆ ಹಿಡಿದು ಕೂರುವುದು ಆಳವಿಲ್ಲದ ಕೆಲಸ ಎಂಬ ಧೋರಣೆ ಆ ಕಡೆಗಣನೆಯ ಹಿಂದಿತ್ತು. 12345654321 ಒಂದೇ ಆ ಧೋರಣೆಯನ್ನು ಅಲ್ಲಗಳೆಯಲು ಸಾಕು ಎಂಬುದು ನನ್ನ ನಂಬಿಕೆ. ಅದು ಅಂಕೆಗಳ ಆಟದಿಂದ ಹೊರಟು ಎಲ್ಲಿಗೆ ತಲುಪುತ್ತದೆ ಎಂಬುದಕ್ಕೆ ಕೊನೆಯದಾಗಿ ಒಂದು ದಾರಿ ತೋರಿಸುತ್ತೇನೆ.

ಎರಡು ದಾಳಗಳನ್ನು ಉರುಳಿಸಿ, ಮೇಲೆ ಬಂದ ಚುಕ್ಕಿಗಳನ್ನು ಕೂಡಿ. ಮೊತ್ತ 2 ಬರಲು ಒಂದೇ ದಾರಿ, ಎರಡೂ ದಾಳದಲ್ಲಿ 1. ಮೊತ್ತ 3 ಬರಲು ಎರಡು ದಾರಿ. 4ಕ್ಕೆ ಮೂರು. 7ಕ್ಕೆ ಆರು ದಾರಿ, ಅದೇ ಅತಿ ಹೆಚ್ಚು. ಅಲ್ಲಿಂದ ಇಳಿದು 12ಕ್ಕೆ ಮತ್ತೆ ಒಂದೇ. 2ರಿಂದ 12ರವರೆಗಿನ ಹನ್ನೊಂದು ಮೊತ್ತಗಳಿಗೆ ದಾರಿಗಳ ಎಣಿಕೆಯನ್ನು ಸಾಲಾಗಿ ಬರೆಯಿರಿ: 1, 2, 3, 4, 5, 6, 5, 4, 3, 2, 1. ನಮ್ಮ ಸಂಖ್ಯೆಯೇ! ಆರು ಒಂದುಗಳ ಪ್ರತಿ ಸಾಲು ಆರು ಮುಖದ ಒಂದು ದಾಳ. ಗುಣಾಕಾರದಲ್ಲಿ ಸಾಲು ಸರಿಯುವುದೂ ದಾಳದ ಚುಕ್ಕಿಗಳು ಕೂಡುವುದೂ ಒಂದೇ ಕ್ರಿಯೆ. ಅಂಕೆಗಳ ಮೊತ್ತ 36 ಎಂಬುದು ಎರಡು ದಾಳ ಬೀಳಬಲ್ಲ ಒಟ್ಟು ಬಗೆಗಳ ಎಣಿಕೆ.

ಮೂರು ದಾಳಗಳಾದರೆ? 111111ರ ಘನ ತೆಗೆದರೆ ಎಣಿಕೆಗಳು ಹತ್ತನ್ನು ದಾಟಿ ಒಂದರೊಳಗೊಂದು ನುಗ್ಗಿ ಆಕಾರ ಕೆಡುತ್ತದೆ. ಅದಕ್ಕೆ ಪ್ರತಿ ಒಂದಕ್ಕೂ ಎರಡು ಮನೆಗಳ ಜಾಗ ಕೊಡಬೇಕು, ನಡುವೆ ಸೊನ್ನೆ ಇಟ್ಟು 10101010101 ಎಂದು ಬರೆಯಬೇಕು. ಅದರ ಘನ 31 ಅಂಕೆಗಳ ಒಂದು ಸಂಖ್ಯೆ:

1030610152125272725211510060301

ಬಲದಿಂದ ಎರಡೆರಡು ಅಂಕೆ ಬಿಡಿಸುತ್ತ ಹೋಗಿ, ಕೊನೆಗೆ ಎಡತುದಿಯಲ್ಲಿ 1 ಒಂಟಿಯಾಗಿ ಉಳಿಯುತ್ತದೆ. 1, 3, 6, 10, 15, 21, 25, 27, 27, 25, 21, 15, 10, 6, 3, 1. ಮೂರು ದಾಳಗಳಲ್ಲಿ ಮೊತ್ತ 3ರಿಂದ 18ರವರೆಗೆ ಬರುವ ದಾರಿಗಳು ಇವು, ಕೂಡಿದರೆ 216.

ಹದಿನೇಳನೆಯ ಶತಮಾನದ ಆರಂಭದಲ್ಲಿ ಇಟಲಿಯ ಜೂಜುಗಾರರಿಗೆ ಒಂದು ಗೊಂದಲವಿತ್ತು. ಮೂರು ದಾಳಗಳಲ್ಲಿ 9 ಬರುವುದಕ್ಕೂ 10 ಬರುವುದಕ್ಕೂ ಆರಾರು ಕೂಟಗಳಿವೆ. ಒಂಬತ್ತಕ್ಕೆ 1-2-6, 1-3-5, 1-4-4, 2-2-5, 2-3-4, 3-3-3, ಹತ್ತಕ್ಕೂ ಅಷ್ಟೇ. ಆದರೂ ಆಡಿ ಆಡಿ ಪಳಗಿದವರಿಗೆ 10 ತುಸು ಹೆಚ್ಚು ಸಲ ಬೀಳುತ್ತದೆ ಎಂದು ಗೊತ್ತಾಗಿತ್ತು. ಪ್ರಶ್ನೆ ಗೆಲಿಲಿಯೊವಿನ ಬಳಿ ಬಂತು. ಯಾವ ದಾಳದಲ್ಲಿ ಯಾವ ಅಂಕೆ ಎಂಬುದನ್ನೂ ಬೇರೆ ಬೇರೆಯಾಗಿ ಎಣಿಸಬೇಕು ಎಂದು ಅವನು ವಿವರಿಸಿದ. 3-3-3 ಒಂದೇ ಬಗೆಯಲ್ಲಿ ಬೀಳುತ್ತದೆ, 1-2-6 ಆರು ಬಗೆಯಲ್ಲಿ ಬೀಳುತ್ತದೆ. ಹಾಗೆ ಎಣಿಸಿದರೆ 9ಕ್ಕೆ 25 ದಾರಿ, 10ಕ್ಕೆ 27. ಗೆಲಿಲಿಯೊ ಒಂದೊಂದಾಗಿ ಎಣಿಸಿ ಬರೆದ ಆ 25 ಮತ್ತು 27 ಮೇಲಿನ ಸಂಖ್ಯೆಯ ನಡುಭಾಗದಲ್ಲಿ ಅಕ್ಕಪಕ್ಕ ಕೂತಿವೆ, ಎಡದಿಂದ ಏಳನೆಯ ಮತ್ತು ಎಂಟನೆಯ ಮನೆಯಲ್ಲಿ.